ಭವಾನಿ ಟೀಚರ್ ಅಳೆದ ಗೋಡೆ

ಭವಾನಿ ಟೀಚರ್‌ಗೆ ಅಂಜಿಕೆ ಹುಟ್ಟುಗುಣ. ಗುಡುಗಿದರೆ ಅಂಜಿಕೆ, ಹೆಡ್‌ಮಾಸ್ತರ್ ಪಂಪಾಪತಿಯವರು ಕೆಮ್ಮಿದರೂ ಅಂಜಿಕೆ. ಭಾಗ್ಯನಗರದ ಮಗಳು, ನವಲಿಯ ಸೊಸೆ. ಪಕ್ಕದ ಹಳ್ಳಿಯ ಶಾಲೆಯಲ್ಲಿ ಏಳು ವರ್ಷದಿಂದ ಅತಿಥಿ ಶಿಕ್ಷಕಿ. ಅತಿಥಿ ಅಂದರೆ ಚಹಾ ಕೊಟ್ಟು ಕೂರಿಸುವ ಅತಿಥಿಯಲ್ಲ. ಪ್ರತಿ ಜೂನ್‌ನಲ್ಲಿ ‘ಈ ವರ್ಷ ನೀ ಬ್ಯಾಡ’ ಎಂದುಬಿಟ್ಟರೆ ಹೊರಗೆ.

ಆದರೆ ರೇಖಾಗಣಿತ ಕಲಿಸಲು ನಿಂತರೆ ಅವಳೇ ಬೇರೆ. ಗೋಡೆ ಕಟ್ಟುವ ಗೌಂಡಿ ಕಳಕಪ್ಪನ ಮಗಳಲ್ಲವೇ! ತ್ರಿಕೋನಕ್ಕೆ ಜೋಳದ ದಂಟು, ವೃತ್ತಕ್ಕೆ ಗೂಟ ಮತ್ತು ಹಗ್ಗ. ಲಂಬರೇಖೆ ತೋರಿಸಲು ಅಪ್ಪನ ತೂಕದ ಗುಂಡನ್ನೇ ತಂದಿದ್ದಳು. ಆರನೇ ತರಗತಿಯ ಗೋಡೆಯ ಮೇಲ್ತುದಿಯಲ್ಲಿ, ಗೋಡೆಯಿಂದ ನಾಲ್ಕು ಬೆರಳು ಈಚೆಗೆ ದಾರ ಕಟ್ಟಿ ಗುಂಡನ್ನು ಇಳಿಬಿಟ್ಟಳು. ಗೋಡೆ ನೆಟ್ಟಗಿದ್ದರೆ ಕೆಳಗೂ ನಾಲ್ಕೇ ಬೆರಳು ಬರಬೇಕು.

“ಐದು ಬಂತ್ರಿ ಟೀಚರ್,” ಎಂದಳು ಕೆಳಗೆ ಅಳೆಯುತ್ತಿದ್ದ ವಾಣಿಶ್ರೀ.

“ಮ್ಯಾಲ ಅಳದದ್ದು ನನ್ನ ಬೆರಳು, ಕೆಳಗ ನಿನ್ನ ಬೆರಳು. ಅದಕ್ಕ ಹಂಗ ಬಂದೈತಿ,” ಎಂದಳು ಭವಾನಿ. ಮಕ್ಕಳು ನಕ್ಕರು. ಪಾಠ ಮುಂದೆ ಹೋಯಿತು.

ಆಮೇಲೆ ನಾಲ್ಕು ದಿನ ಮಳೆ ಬಿಡದೆ ಹೊಡೆಯಿತು. ಐದನೇ ದಿನ ಅದೇ ದಾರಕ್ಕೂ ಗೋಡೆಯ ಬುಡಕ್ಕೂ ನಡುವೆ ಭವಾನಿ ತಾನೇ ಕೂತು ಬೆರಳಿಟ್ಟಳು. ಏಳು. ಮತ್ತೆ ಇಟ್ಟಳು. ಏಳೇ. ಗೋಡೆ ಒಳಕ್ಕೆ ವಾಲುತ್ತಿದೆ, ಅದರ ಬುಡದಲ್ಲಿ ಮೂವತ್ತೆರಡು ಮಕ್ಕಳು ಕೂತಿದ್ದಾರೆ! ಹುಡುಗಿ ಅಂದೇ ಸರಿಯಾಗಿ ಹೇಳಿತ್ತು, ತಾನೇ ಅದನ್ನು ನಗೆಯಲ್ಲಿ ತೇಲಿಸಿಬಿಟ್ಟಿದ್ದಳು.

“ಹೊರಗ ನಡೀರಿ. ಓಡಬ್ಯಾಡ್ರಿ, ಗದ್ದಲ ಮಾಡಬ್ಯಾಡ್ರಿ.” ಕೊನೆಯ ಮಗು ಹೊಸ್ತಿಲು ದಾಟುವವರೆಗೆ ಉಸಿರು ಬಿಗಿಹಿಡಿದು ನಿಂತಿದ್ದಳು.

ಪಂಪಾಪತಿಯವರು ಧಾವಿಸಿ ಬಂದರು. “ಯಾರನ್ನ ಕೇಳಿ ಕ್ಲಾಸ್ ಬಿಟ್ಟಿ?”

“ಗ್ವಾಡಿ ವಾಲಾಕ ಹತ್ತೈತ್ರಿ ಸರ್.”

“ಮೂರು ವರ್ಷದ ಗ್ವಾಡಿ ಅದು! ಇಂಜಿನಿಯರು ನೋಡಿ ಪಾಸ್ ಮಾಡ್ಯಾರ. ನೀ ಒಂದು ದಾರ ಕಟ್ಟಿ ಊರ ತುಂಬ ಡಂಗುರ ಹೊಡೀಬ್ಯಾಡ. ಮಕ್ಕಳನ್ನ ಒಳಗ ಕುಂದ್ರಸು. ಮುಂದಿನ ವರ್ಷದ ಪಟ್ಟಿ ನನ್ನ ಕೈಯಾಗ ಐತಿ, ನೆನಪಿಟ್ಕೊ.”

ಅತ್ತ ದರಿ, ಇತ್ತ ಪುಲಿ. ಭವಾನಿಗೆ ಅಳು ಬಂತು. ಕೆಲಸ ಹೋದರೆ ಅತ್ತೆಯ ಮುಂದೆ ಮುಖ ತೋರಿಸುವುದು ಹೇಗೆ? ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದರು. ‘ಒಳಗ ಹೋಗ್ರಿ’ ಎಂದರೆ ಮರುಮಾತಾಡದೆ ಹೋಗಿ ಕೂರುವ ಮಕ್ಕಳು. ಅವಳಿಗೆ ಎಲ್ಲಕ್ಕಿಂತ ಹೆಚ್ಚು ಅಂಜಿಕೆಯಾದದ್ದು ಅದಕ್ಕೇ.

“ಆತ್ರಿ ಸರ್,” ಎಂದಳು. “ಮೊದಲ ನೀವು ಹೋಗಿ ಆ ಗ್ವಾಡಿಗೆ ಬೆನ್ನು ಕೊಟ್ಟು ಕುಂದರ್ರಿ. ಹಿಂದಿಂದ ನಾ ಮಕ್ಕಳನ್ನ ಕರ್ಕೊಂಡ ಬರ್ತೀನಿ.”

ಪಂಪಾಪತಿಯವರು ಸಿಟ್ಟಿನಿಂದ ಒಳಗೆ ಒಂದು ಕಾಲಿಟ್ಟರು. ದಾರ ನೋಡಿದರು, ಗೋಡೆ ನೋಡಿದರು. ಇಟ್ಟ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದರು.

“ಬೀಗ ಎಲ್ಲೈತಿ?” ಎಂದರು, ಅವಳ ಮುಖ ನೋಡದೆ.