ಮಂಡ್ಯದಿಂದ ಮಳವಳ್ಳಿಗೆ, ಕುಂಕುಮ ಹಚ್ಚಿದ ಪುಸ್ತಕದೊಂದಿಗೆ

ಇದನ್ನು ನಮ್ಮೂರಿನವರಿಗೆ ಹೇಳಬೇಕೆಂದುಕೊಂಡು ನಾಳೆ ನಾಳೆ ಎಂದು ಮುಂದೂಡುತ್ತಾ ಬಂದೆ. ಹೋಗಿಬಂದು ಎರಡು ತಿಂಗಳಾಯಿತು. ಮಂಡ್ಯದಿಂದ ಮಳವಳ್ಳಿಗೆ ಬಸ್ಸಿನಲ್ಲಿ ಎರಡು ಗಂಟೆ ಸಾಕು. ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು.

ನಾಲೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುತ್ತಿದ್ದ ನಮ್ಮ ನೀರುಗಂಟಿಯನ್ನು ಹಿರಿಯರಾದ ನೀವು ಮರೆತಿರಲಾರಿರಿ. ಒಂದು ಬೇಸಿಗೆಯಲ್ಲಿ ನನ್ನ ಕಬ್ಬಿಗೋಸ್ಕರ ಸರದಿ ತಪ್ಪಿಸಿ ತೂಬು ಎತ್ತಿದವನು ನಾನು. ಕೆಳಗಿನ ಗದ್ದೆಗಳು ಒಣಗಿ ಊರಿನವರು ಪಂಚಾಯಿತಿ ಸೇರಿದಾಗ, ಎತ್ತಿದ್ದು ನೀರುಗಂಟಿ, ಕಣ್ಣಾರೆ ಕಂಡೆ ಎಂದೆ. ಅವರ ಕೆಲಸ ಹೋಯಿತು. ಊರು ಬಿಡುವ ದಿನ ಮನೆಗೆ ಬಂದು ಕ್ರೈಸ್ತರ ಧರ್ಮಗ್ರಂಥದಿಂದ ಯೇಸುವಿನ ಭಾಗವಷ್ಟೇ ಇದ್ದ ಒಂದು ಸಣ್ಣ ಪುಸ್ತಕ ಕೊಟ್ಟರು. “ಓದಿ ಗೌಡ್ರೆ” ಎಂದರು, ಅಷ್ಟೆ. ನಾನು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟೆ. ಶುಕ್ರವಾರಕ್ಕೊಮ್ಮೆ ಹೂವು ಏರಿಸಿದೆ. ತೆರೆದು ಓದಲಿಲ್ಲ.

ಈ ವರ್ಷ ಕಣ್ಣಿನ ಪೊರೆ ತೆಗೆಸಿದ ಮೇಲೆ ತೆರೆದೆ. ಮೊದಲ ಪುಟದಲ್ಲೇ ಬಾಯಿ ತಿರುಗದ ಹೆಸರುಗಳ ಸಾಲು. ಮೂರು ದಿನ ಅಲ್ಲೇ ಸಿಕ್ಕಿಕೊಂಡೆ. ಅಷ್ಟರಲ್ಲಿ ನೀರುಗಂಟಿ ತೀರಿಕೊಂಡರೆಂದೂ, ಅವರ ಮಗಳು ಸೆಲಿನಮ್ಮ ಮಳವಳ್ಳಿಯಲ್ಲಿ ಹೊಸಬರನ್ನು ಕೂರಿಸಿಕೊಂಡು ಇದನ್ನು ಓದಿಸುತ್ತಾರೆಂದೂ ಕೇಳಿದೆ. ಓದು ನೆಪ. ಮಗಳ ಮುಂದಾದರೂ ತಪ್ಪೊಪ್ಪಿಕೊಳ್ಳಬೇಕಿತ್ತು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮಂಡ್ಯದಿಂದ ಹೊರಟೆ. ಮದ್ದೂರಿನಲ್ಲಿ ಇಳಿದು ಎರಡು ವಡೆ ತಿಂದು, ಮಳವಳ್ಳಿ ಬಸ್ಸು ಹತ್ತಿದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಪಕ್ಕಕ್ಕೆ ಬಂಡೂರಿನ ಹೆಂಗಸೊಬ್ಬಳು ಬಂದಳು.

“ಒಸಿ ಸರ್ಕಳಿ ಅಜ್ಜೊ. ನಮ್ದು ಫ್ರೀ, ಟಿಕೆಟ್ ತಕ್ಕಂಡೋರು ನೀವು, ಕಿಟ್ಕಿ ನಿಮ್ದೆ ಇರ್ಲಿ.” ನನ್ನ ತೊಡೆಯ ಮೇಲಿನ ಪುಸ್ತಕ ನೋಡಿ, “ಯಾವ್ ದ್ಯಾವ್ರುದು?” ಎಂದಳು.

“ಯೇಸುದು.”

“ಅದ್ಕೂ ಕುಂಕ್ಮ ಇಕ್ಕಿದ್ದೀರಲ್ಲ.”

“ಓದ್ದೆ ಇದ್ಮೇಲೆ ಕುಂಕ್ಮನಾದ್ರೂ ಇಕ್ಬೇಕಲ್ಲವ್ವ.”

ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಸೆಲಿನಮ್ಮ ನಿವೃತ್ತ ನರ್ಸು. ಹೆಂಚಿನ ಮನೆ, ಜಗಲಿಯ ಮೇಲೆ ಚಾಪೆ. ಒಯ್ದಿದ್ದ ತೆಂಗಿನಕಾಯಿ ಕೊಟ್ಟು ನಮ್ಮೂರಿನ ಹೆಸರು ಹೇಳಿದೆ. ಒಂದು ಗಳಿಗೆ ನನ್ನನ್ನೇ ನೋಡಿ, ಕಾಯನ್ನು ಕಿಟಕಿಯಲ್ಲಿಟ್ಟು, ಮಜ್ಜಿಗೆ ತಂದರು. ಹೆಸರುಗಳ ಕಷ್ಟ ಹೇಳಿಕೊಂಡೆ.

“ಹೆಳವರು ನಿಮ್ಮನೆಗೆ ಬಂದು ತಾತ ಮುತ್ತಾತಂದಿರ ಹೆಸ್ರು ಹಾಡಿದ್ರೆ ಬ್ಯಾಸ್ರ ಆಗ್ತಿತ್ತಾ? ಇದೂ ಹಂಗೇ, ಯೇಸು ಮನೆತನದ್ದು. ಆಮೇಲೆ ಬನ್ನಿ ಅಲ್ಲಿಗೆ. ಅವ್ರು ಬೆಟ್ಟದ ಮೇಲೆ ಕೂತು ಹೇಳಿದ ಮಾತಿಂದ ಸುರು ಮಾಡಿ. ದಿನಕ್ಕೊಂದು ಪುಟ. ಬಾಯ್ಬಿಟ್ಟು ಓದಿ. ಚುಚ್ಚಿದ ಕಡೆ ನಿಲ್ಲಿಸಿ.”

ಇಷ್ಟು ಸರಳವಾಗಿ ಯಾವ ಮೇಷ್ಟರೂ ನನಗೆ ದಾರಿ ತೋರಿಸಿರಲಿಲ್ಲ. ಅವರು ತೆಗೆದುಕೊಟ್ಟ ಪುಟವನ್ನು ಅಲ್ಲೇ ಕೂತು, ಬೆರಳಿಟ್ಟು ಓದುತ್ತಾ ಹೋದೆ. ದೇವರಿಗೆ ಕಾಣಿಕೆ ತಂದಾಗ, ಸೋದರನಿಗೆ ನಿನ್ನಿಂದ ನೋವಾಗಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂಬ ಮಾತು ಬಂತು. ಅಲ್ಲಿ ನಿಂತೆ. ಇಷ್ಟು ವರ್ಷ ಆ ಮಾತಿನ ಮೇಲೆಯೇ ಹೂವು ಏರಿಸುತ್ತಿದ್ದೆ.

“ತೂಬು ಎತ್ತಿದ್ದು ನಾನು” ಎಂದೆ.

“ಗೊತ್ತು. ಅಪ್ಪ ಅವತ್ತೇ ಹೇಳಿದ್ರು.”

“ಊರೋರಿಗೆ ಯಾಕೆ ಹೇಳ್ಲಿಲ್ಲ?”

“ನೀವೇ ಹೇಳ್ತೀರಿ ಅಂತ ಕಾದ್ರು.”

“ತಪ್ಪಾಯ್ತು ಕಣವ್ವ.”

“ನಂಗಲ್ಲ. ನಿಮ್ ಸುಳ್ಳು ಕೇಳ್ದೋರು ಊರೋರು, ಅವ್ರಿಗೆ ಹೇಳಿ. ನೀರುಗಂಟಿ ನೀರುಗಂಟಿ ಅಂತ ಅನ್ಬ್ಯಾಡಿ. ಅಪ್ಪಂಗೂ ಒಂದು ಹೆಸ್ರಿತ್ತು.” ಸಿಟ್ಟಿನಿಂದ ಹೇಳಲಿಲ್ಲ. ಲೋಟ ಎತ್ತಿಕೊಳ್ಳುತ್ತಾ ಹೇಳಿದರು. “ಕಾಯಿ ಕೆಡಲ್ಲ. ಹೇಳ್ಬುಟ್ಟು ಬನ್ನಿ, ಆಮೇಲೆ ಒಡೆಯೋಣ.”

ಗೇಟಿನ ಹತ್ತಿರ ತಿರುಗಿ ನೋಡಿದೆ. ಕಾಯಿ ಕಿಟಕಿಯಲ್ಲೇ ಇತ್ತು.

ತೂಬು ಎತ್ತಿದವನು ನಾನು. ಎತ್ತದೆಯೇ ಊರು ಬಿಟ್ಟವರು, ನಾನು ಒಮ್ಮೆಯೂ ಯಾರ ಕ್ಷಮೆ ಕೇಳಲಿಲ್ಲವೋ ಅವರು, ಅವರ ಹೆಸರು ಇನ್ನಾಸಪ್ಪ.