ಚಾದರದ ವ್ಯಾಪಾರಿಯ ಮೋಟಾರ್‌ಸೈಕಲ್ಲು

ಐವತ್ತರ ದಶಕದಲ್ಲಿ, ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ, ನಮ್ಮ ಪಕ್ಕದ ಮನೆಯವರು ಚಾದರದ ವ್ಯಾಪಾರಿ. ಅಕ್ಕಲಕೋಟೆಯ ಅಂಗಡಿಗಳಿಗೆ ಅವರು ಮಾಲು ಒಯ್ಯುತ್ತಿದ್ದ ಮೋಟಾರ್‌ಸೈಕಲ್ಲು ಒಂದು ಖಂಡೇನವಮಿಯ ದಿನ ಆಯುಧಪೂಜೆಯ ನಡುವೆಯೇ ಅಗ್ನಿಗೆ ಆಹುತಿಯಾಯಿತು. ಪೆಟ್ರೋಲ್ ಟಾಕಿ ಸೋರುತ್ತಿತ್ತು. ಅವರ ತಾಯಿ ಭಕ್ತಿಯಿಂದ ಕರ್ಪೂರದಾರತಿಯನ್ನು ತೀರ ಹತ್ತಿರ ಒಯ್ದಿದ್ದರು. ಯಾರಿಗೂ ಗಾಯವಾಗಲಿಲ್ಲ. ಆದರೆ ಮುದುಕಿ ಅಂದಿನಿಂದ ದೇವರ ಮುಂದಿನ ದೀಪವನ್ನೂ ಹಚ್ಚಲಿಲ್ಲ. "ನನ್ನ ಕೈಯಾಗ ಬೆಂಕಿ ಕೊಡಬ್ಯಾಡ್ರಿ" ಎಂದು ಮೂಲೆ ಹಿಡಿದರು.

ವ್ಯಾಪಾರಿ ಅಂಗಳದಲ್ಲಿ ಗಾಡಿ ಬಿಚ್ಚಿದರು. ಕರಿ ಹಿಡಿದ ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಎರೆದ ಕೂಸಿನಂತೆ ಒರೆಸಿ, ಹಳೆಯ ಚಾದರದ ಮೇಲೆ ಮಲಗಿಸುವರು. ಟಾಕಿಗೆ ಬೆಸುಗೆ ಹಾಕಿಸಿದರು. ಗುಜರಿಗೆ ಹಾಕಿರೆಂದು ಸಲಹೆ ಕೊಡಲು ಓಣಿಯೇ ನೆರೆಯುತ್ತಿತ್ತು. "ಗಡಿಬಿಡಿ ಮಾಡಬ್ಯಾಡ್ರಿ," ಎನ್ನುವರು ವ್ಯಾಪಾರಿ. ಗಾಡಿ ಮೊದಲ ಸಲ ಕೆಮ್ಮಿದಾಗ ನಾವು ಚಪ್ಪಾಳೆ ತಟ್ಟಿದೆವು. ಆಗಲೂ ಅದೇ ಮಾತು.

ಮರುವರ್ಷದ ಖಂಡೇನವಮಿಗೆ ತಾಯಿಯನ್ನು ಅಂಗಳಕ್ಕೆ ಕರೆತಂದು ಆರತಿ ತಟ್ಟೆ ಕೊಟ್ಟರು.

"ಟಾಕ್ಯಾಗ ಪೆಟ್ರೋಲ ಐತೇನೋ?" ಎಂದು ಕೇಳಿದರು ಮುದುಕಿ.

"ತುಂಬ ಐತಿ."

"ಹಂಗಾರ ನಾ ಒಲ್ಲೆ. ಸೊಸಿ ಬೆಳಗಲಿ."

ಮಗ ಗಾಡಿಯ ಮೇಲೆ ಹತ್ತಿ ಕೂತು, ಟಾಕಿಯನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡು, ಟೊಪ್ಪಿಗೆ ಸರಿಮಾಡಿಕೊಂಡರು.

"ಈಗ ಬೆಳಗಬೇ ಯವ್ವಾ."

ಮುದುಕಿ ಬಹಳ ಹೊತ್ತು ಮಗನ ಮುಖ ನೋಡಿ, ತಾವೇ ಕಡ್ಡಿ ಗೀರಿದರು. ಓಣಿಯವರಾದ ನಾವೆಲ್ಲ ಕೈಮುಗಿದು, ಅತ್ಯಂತ ಗೌರವದಿಂದ ಹಿಂದೆ ಸರಿದು ನಿಂತೆವು.