ಪರಮೇಶಿಯ ಕೊಬ್ಬರಿ ಎಣ್ಣೆ ಕಾರು

ಕೋವಿಡ್ ಗಲಾಟೆ ಅಡಗಿದ ಮರುವರ್ಷದ ಚಳಿಗಾಲ. ತಿಪಟೂರಿನಲ್ಲಿ ನಾನು ಡೀಸೆಲ್ ಪಂಪ್ ರಿಪೇರಿ ಅಂಗಡಿ ಇಟ್ಟು ಅಷ್ಟು ಹೊತ್ತಿಗೆ ಮೂವತ್ತು ವರ್ಷ ದಾಟಿತ್ತು. ಪಂಪ್ ಎಂದರೆ ಬಂಕ್ ಎಂದುಕೊಂಡು ಕ್ಯಾನ್ ಹಿಡಿದು ಬಂದವರೂ ಇದ್ದಾರೆ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಡೀಸೆಲ್ಲನ್ನು ಭಾರಿ ಒತ್ತಡದಲ್ಲಿ ಇಂಜಿನ್ನಿನ ನಾಜಲ್‌ಗೆ ತಳ್ಳುವ ಯಂತ್ರಕ್ಕೆ ನಾವು ಪಂಪ್ ಎನ್ನುತ್ತೇವೆ. ಅದಕ್ಕೆ ಸಿಗುವ ಎಣ್ಣೆ ನೀರಿನ ಹಾಗೆ ತೆಳ್ಳಗಿರಬೇಕು. ಮಂದವಾದರೆ ಅದು ಮೊಂಡು ಹಿಡಿಯುತ್ತದೆ, ಆಮೇಲೆ ಯಾರಪ್ಪನ ಮಾತನ್ನೂ ಕೇಳುವುದಿಲ್ಲ.

ತುರುವೇಕೆರೆ ಕಡೆಯ ಒಂದು ಹಳ್ಳಿಯ ಪರಮೇಶಿ ನನ್ನ ಗಿರಾಕಿ. ಎದುರಿಗೆ ಪರಮೇಶಣ್ಣ ಎನ್ನುತ್ತಿದ್ದೆ. ಬರೆಯುವಾಗ ಆ ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ. ಅವನಿಗೆ ಕೊಬ್ಬರಿ ಎಣ್ಣೆಯ ಮಿಲ್ಲು ಇತ್ತು. ಡ್ರಮ್ಮಿನ ತಳದಲ್ಲಿ ಉಳಿಯುವ ಗಸಿ ಎಣ್ಣೆ, ಮದುವೆ ಮನೆಗಳಲ್ಲಿ ಕರಿದು ಮಿಕ್ಕ ಎಣ್ಣೆ, ಎರಡನ್ನೂ ಹಳೇ ಪಂಚೆಯಲ್ಲಿ ಸೋಸಿ ಕಾರಿಗೆ ಹಾಕುತ್ತಿದ್ದ. ಕಾರು ಹಳೆಯದು, ಕಂಪ್ಯೂಟರ್ ಇಲ್ಲದ ಡೀಸೆಲ್ ಇಂಜಿನ್. ಅಂಥ ಇಂಜಿನ್ ಬಿಸಿಯಾದ ಎಣ್ಣೆಯಲ್ಲಿ ಓಡುತ್ತದೆ, ಸುಳ್ಳಲ್ಲ. ಊರಿನ ಅರಳಿಕಟ್ಟೆಯಲ್ಲಿ ಕೂತು ಡೀಸೆಲ್ ಹಾಕಿಸುವವರನ್ನೆಲ್ಲ ದಡ್ಡರೆಂದು ಗೇಲಿ ಮಾಡುವುದು ಅವನ ನಿತ್ಯದ ಕೆಲಸವಾಗಿತ್ತು.

ಆದರೆ ಕೊಬ್ಬರಿ ಎಣ್ಣೆ ಇಪ್ಪತ್ತನಾಲ್ಕು ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ನಮ್ಮ ಸೀಮೆಯಲ್ಲಿ ಇದು ಮಕ್ಕಳಿಗೂ ಗೊತ್ತು. ಚಳಿಗಾಲದಲ್ಲಿ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಬಚ್ಚಲೊಲೆಯ ಪಕ್ಕದಲ್ಲಿಟ್ಟು ಕರಗಿಸಿಕೊಳ್ಳದ ಮನೆಯಿಲ್ಲ. ಅದಕ್ಕಾಗಿಯೇ ನಾನು ಅವನ ಕಾರಿಗೆ ಎರಡು ಟ್ಯಾಂಕ್ ಕೂರಿಸಿದ್ದೆ. ಚಿಕ್ಕದರಲ್ಲಿ ಡೀಸೆಲ್, ದೊಡ್ಡದರಲ್ಲಿ ಎಣ್ಣೆ. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಬೇಕು. ಇಂಜಿನ್ನಿನ ಬಿಸಿನೀರು ಹರಿದು ಎಣ್ಣೆ ಕರಗಿದ ಮೇಲೆ ವಾಲ್ವ್ ತಿರುಗಿಸಿ ಎಣ್ಣೆಗೆ ಬರಬೇಕು. ನಿಲ್ಲಿಸುವ ಸ್ವಲ್ಪ ಮುಂಚೆ ಮತ್ತೆ ಡೀಸೆಲ್‌ಗೆ ತಿರುಗಿಸಿ, ಪೈಪು, ಫಿಲ್ಟರು, ಪಂಪು ಎಲ್ಲದರಲ್ಲೂ ಡೀಸೆಲ್ ತುಂಬಿದ ಮೇಲೆಯೇ ಕೀ ತೆಗೆಯಬೇಕು. ಇಷ್ಟನ್ನು ಅವನಿಗೆ ಕೈ ಹಿಡಿದು ತೋರಿಸಿ ಕಲಿಸಿದ್ದೆ.

ಆ ಕಾರಿನಲ್ಲಿ ಹೆಚ್ಚಾಗಿ ಓಡಾಡುತ್ತಿದ್ದವರು ಅವನ ಅಕ್ಕ ಗಂಗಕ್ಕ. ತಾಯಿ ತೀರಿಕೊಂಡಾಗ ಈ ಪರಮೇಶಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಗಂಡ ಹೋದ ಮೇಲೆ ತಮ್ಮನ ಮನೆಯಲ್ಲೇ ಇದ್ದರು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ತಿಪಟೂರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು, ಅಂದರೆ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕು. ಒಂದು ಸಲ ತಪ್ಪಿದರೂ ಮೈಯಲ್ಲಿ ನೀರು ತುಂಬಿ ಉಸಿರಿಗೇ ಕುತ್ತು ಬರುತ್ತದೆ. "ನಮ್ಮಕ್ಕ ಬಸ್ಸಿಗೆ ಕಾಯಂಗಿಲ್ಲ ಕಣ್ರಲಾ, ಕಾರಲ್ಲೇ ಹೋಗಿ ಕಾರಲ್ಲೇ ಬತ್ತಾಳೆ" ಎಂದು ಪರಮೇಶಿ ಊರಿಗೆಲ್ಲ ಸಾರಿದ್ದ. ಒಳ್ಳೆಯ ಮಾತೇ. ಜನ ಹೊಗಳಿದ್ದೂ ನಿಜ.

ಅಂಥ ಒಂದು ಡಯಾಲಿಸಿಸ್ ದಿನ ಬೆಳಿಗ್ಗೆ ಪರಮೇಶಿಯ ಫೋನ್ ಬಂತು. ಕಾರು ದಾರಿಯಲ್ಲಿ ನಿಂತುಬಿಟ್ಟಿತ್ತು. ಬೈಕಿನಲ್ಲಿ ಡೀಸೆಲ್ ಕ್ಯಾನು, ಹೊಸ ಫಿಲ್ಟರ್ ಕಟ್ಟಿಕೊಂಡು ಹೋದೆ. ಹಿಂದಿನ ದಿನ ಅವನು ಎಣ್ಣೆಯಲ್ಲೇ ಕಾರು ನಿಲ್ಲಿಸಿದ್ದನಂತೆ. ಚಿಕ್ಕ ಟ್ಯಾಂಕು ಖಾಲಿ. ಬೆಳಿಗ್ಗೆ ಹತ್ತಲಿಲ್ಲವೆಂದು ಬಚ್ಚಲೊಲೆಯಿಂದ ತೆಂಗಿನ ಚಿಪ್ಪಿನ ಕೆಂಡವನ್ನು ಬಾಂಡಲಿಯಲ್ಲಿ ತಂದು, ತಲೆಗೆಣ್ಣೆ ಕರಗಿಸುವ ಹಾಗೆ ದೊಡ್ಡ ಟ್ಯಾಂಕಿನ ಕೆಳಗಿಟ್ಟು ಎಣ್ಣೆ ಕರಗಿಸಿದ್ದ. ಡೀಸೆಲ್ ಕಾರಿನ ಕೆಳಗೆ ಕೆಂಡ! ಹೇಗೋ ಸ್ಟಾರ್ಟ್ ಆಗಿದೆ. ಟ್ಯಾಂಕಿನಲ್ಲಿ ಕರಗಿದ್ದು ಕಾರಿನ ಅಡಿಯ ಪೈಪಿನಲ್ಲಿ ಚಳಿಗಾಳಿಗೆ ಮತ್ತೆ ಹೆಪ್ಪುಗಟ್ಟಿದೆ. ಫಿಲ್ಟರ್ ಬಿಚ್ಚಿದರೆ ಒಳಗೆ ಬೆಣ್ಣೆಯ ಹಾಗೆ ಬೆಳ್ಳಗೆ ಕೂತಿತ್ತು.

ಗಂಗಕ್ಕ ಕಂಬಳಿ ಹೊದ್ದು ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ಪಾದಗಳು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ತಿಪಟೂರಿನ ಬಸ್ಸು ಬಂತು, ನಾನೇ ಕೈ ಅಡ್ಡ ಹಾಕಿ ನಿಲ್ಲಿಸಿದೆ. ಕಂಡಕ್ಟರು ಬಾಗಿಲಲ್ಲಿ ಬಗ್ಗಿ, "ಏನ್ ಪರಮೇಶಣ್ಣ, ರೋಡಲ್ಲೇ ಬೋಂಡ ಕರೀತಾ ಇದೀಯಾ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅಲ್ಲಿಗೆ ಕೆಟ್ಟಿತು ಕೆಲಸ. ಪರಮೇಶಿಯ ಮುಖ ಕೆಂಪಾಯಿತು.

"ಹೋಗಲೇ, ನಿನ್ ಬಸ್ ಯಾವನಿಗ್ ಬೇಕು" ಎಂದು ಅಬ್ಬರಿಸಿದ.

ನಾನು ಗಂಗಕ್ಕನ ತೋಳು ಹಿಡಿದು ಏಳಿಸಲು ಹೋದೆ. ಅವರು ತಮ್ಮನ ಕಡೆ ನೋಡಿ ಮತ್ತೆ ಕೂತರು. "ಬ್ಯಾಡ ಸಾಬ್ರೇ. ಜನದ್ ಎದ್ರಿಗೆ ಅವನ ಮಾನ ಹೋಯ್ತದೆ. ನೀವು ಗಾಡಿ ರೆಡಿ ಮಾಡಿ" ಎಂದರು. ಬಸ್ಸು ಹೋಯಿತು. ಪೈಪು ಬಿಚ್ಚಿ, ಊದಿ, ಫಿಲ್ಟರ್ ಬದಲಿಸಿ, ಪಂಪಿನ ಗಾಳಿ ತೆಗೆದು, ಡೀಸೆಲ್ ತುಂಬಿ ಸ್ಟಾರ್ಟ್ ಮಾಡುವಷ್ಟರಲ್ಲಿ ಇನ್ನೂ ಎರಡು ಬಸ್ಸು ಹೋದವು. ಅವನು ಎರಡಕ್ಕೂ ಬೆನ್ನು ತಿರುಗಿಸಿ ನಿಂತಿದ್ದ.

ಆಸ್ಪತ್ರೆಯಲ್ಲಿ ಗಂಗಕ್ಕನ ಸರದಿ ಮುಗಿದುಹೋಗಿತ್ತು. ಯಂತ್ರಗಳೆಲ್ಲ ಭರ್ತಿ. ಮಾರನೆಯ ಬೆಳಿಗ್ಗೆ ಮೊದಲ ಬ್ಯಾಚಿಗೇ ಬನ್ನಿ, ಈ ಸಲ ತಡ ಮಾಡಬೇಡಿ ಎಂದರು. "ನಮ್ಮ ಮನೇಲೇ ಇರ್ಲಿ ಪರಮೇಶಣ್ಣ, ನನ್ನ ಹೆಂಡ್ತಿ ಇದಾಳೆ, ಬೆಳಿಗ್ಗೆ ನಡೆಸ್ಕೊಂಡೇ ಕರ್ಕೊಂಡ್ ಹೋಗ್ಬಹುದು" ಎಂದೆ.

"ನಮ್ಮಕ್ಕ ಇನ್ನೊಬ್ರ ಮನೇಲಿ ಯಾಕ್ ಇರ್ಬೇಕು ಭಾಯ್? ಕಾರ್ ಐತಲ್ಲ."

"ಹಂಗಾದ್ರೆ ಡೀಸೆಲ್ ತುಂಬಿದೀನಿ. ಹೋಗ್ತಾ ಬರ್ತಾ ಅದ್ರಲ್ಲೇ ಓಡಿಸಿ. ವಾಲ್ವ್ ಮುಟ್ಟಬೇಡಿ."

ಸರಿ ಸರಿ ಎಂದು ತಲೆಯಾಡಿಸಿದ.

ಮಾರನೆಯ ಬೆಳಿಗ್ಗೆ ಮತ್ತೆ ಅವನದೇ ಫೋನು. "ಭಾಯ್, ಇವತ್ತೂ ಹಂಗೇ ಆಗೈತೆ."

"ವಾಲ್ವ್ ತಿರುಗಿಸಿದ್ರಾ?"

"ನಿನ್ನೆ ವಾಪಸ್ ಬರೋವಾಗ ಆ ಕಂಡಕ್ಟ್ರು ಬಸ್ ಸಿಕ್ತು. ಎಣ್ಣೆಗೆ ಹಾಕ್ಕಂಡು ಓವರ್‌ಟೇಕ್ ಮಾಡಿ ತೋರಿಸ್ದೆ. ಆ ಖುಷೀಲಿ ಮನೆ ಮುಂದೆ ಹಂಗೇ ನಿಲ್ಸ್‌ಬುಟ್ಟೆ."

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ಅಕ್ಕ ಹೆಂಗಿದಾರೆ?"

"ಹಿಂದ್ಗಡೆ ಸೀಟಲ್ಲಿ ಕುಂತವ್ಳೆ. ಒಸಿ ಮೇಲುಸಿರು."

"ಬೇರೆ ಗಾಡಿ ಮಾಡ್ರೀ! ಕಾರು ಹಾಳಾಗ್ ಹೋಗ್ಲಿ!" ಎಂದು ಕಿರುಚಿದೆ.

"ತಡೀರಿ ಭಾಯ್, ಕೆಂಡ ಚೆನ್ನಾಗ್ ಹತ್ತೈತೆ" ಎಂದು ಅವನು ಫೋನನ್ನು ಎಲ್ಲೋ ಇಟ್ಟ. ನಾನು ಹೆಂಡತಿಯ ಫೋನಿನಿಂದ ಆಂಬುಲೆನ್ಸಿಗೆ ಊರಿನ ಹೆಸರು ಹೇಳಿದೆ. ಈ ಕಿವಿಯಲ್ಲಿ ಅವನ ಅಂಗಳದ ಸದ್ದು ಕೇಳುತ್ತಲೇ ಇತ್ತು. ಸೆಲ್ಫ್ ಹೊಡೆಯುವುದು, ನಿಲ್ಲಿಸುವುದು, ಮತ್ತೆ ಹೊಡೆಯುವುದು. ಕೊನೆಗೆ ಇಂಜಿನ್ ಹತ್ತಿಕೊಂಡಿತು. ನಾಲ್ಕೂ ಸಿಲಿಂಡರ್ ಚೆನ್ನಾಗಿ ಹೊಡೆಯುತ್ತಿದ್ದವು. ಇಷ್ಟು ವರ್ಷದ ಕಿವಿಗೆ ಅದು ತಪ್ಪುವುದಿಲ್ಲ.

"ಅಕ್ಕಾ, ಕೇಳುಸ್ತಾ? ಸ್ಟಾರ್ಟ್ ಆಯ್ತು ನೋಡು!"

ಉತ್ತರ ಬರಲಿಲ್ಲ. ಅವನು ಮತ್ತೆ ಕೂಗಿದ. ಆಮೇಲೆ ಕಾರಿನ ಬಾಗಿಲು ತೆಗೆದ ಸದ್ದು, ಮತ್ತೊಮ್ಮೆ "ಅಕ್ಕ" ಎಂದದ್ದು ಕೇಳಿತು. ಆ ಸಲ ದನಿ ಬೇರೆಯಾಗಿತ್ತು. ಕಾರನ್ನು ಆಫ್ ಮಾಡುವುದು ಯಾರಿಗೂ ನೆನಪಾಗಲಿಲ್ಲ. ಫೋನ್ ಕಟ್ಟಾಗುವವರೆಗೂ ಇಂಜಿನ್ ಓಡುತ್ತಲೇ ಇತ್ತು.

ತಿಥಿಗೆ ಮುಂಚೆ ಅವನು ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದ. ತಲೆ ಬೋಳಿಸಿಕೊಂಡಿದ್ದ. "ಈ ಎಣ್ಣೆ ಸಹವಾಸ ಸಾಕು ಭಾಯ್, ಟ್ಯಾಂಕ್ ಬಿಚ್ಚಾಕ್‌ಬುಡಿ. ಡೀಸೆಲ್ಲೇ ಹಾಕ್ತೀನಿ. ತಿಥಿಗೆ ಬೀಗ್ರು ಬತ್ತಾವ್ರೆ, ಅವ್ರನ್ನ ಕೂರಿಸ್ಕಂಡು ಬರೋವಾಗ ದಾರೀಲಿ ನಿಂತ್ರೆ ಮರ್ಯಾದೆ ಹೋಯ್ತದೆ" ಎಂದ. ಅವನೇ ಮುಂದುವರಿಸಿದ. "ಏನೇ ಅನ್ನಿ, ನಮ್ಮಕ್ಕನ್ನ ಕೊನೇವರ್ಗೂ ಬಸ್ ಹತ್ತಿಸ್ಲಿಲ್ಲ ನಾನು. ಊರೋರೆಲ್ಲ ಅದ್ನೇ ಹೇಳ್ತಾವ್ರೆ." ಕಣ್ಣಲ್ಲಿ ನೀರಿತ್ತು. ಅದು ನಾಟಕವಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

"ಹತ್ತಿಸಿದ್ರೆ ಬದುಕಿರೋರು ಪರಮೇಶಣ್ಣ" ಎಂದೆ.

ಅವನು ನನ್ನನ್ನು ನೋಡಿದ, ಕಾರನ್ನು ನೋಡಿದ. ಹತ್ತಿ ಹೊರಟುಹೋದ. ಟ್ಯಾಂಕನ್ನು ಬೇರೆ ಯಾರೋ ಬಿಚ್ಚಿಕೊಟ್ಟರಂತೆ. ಅಂಥ ಮಾತು ಹೇಳಿದ್ದಕ್ಕೆ ನನ್ನ ಹೆಂಡತಿ ನನ್ನನ್ನು ಬೈದಳು. ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ದಾರಿಯಲ್ಲಿ ನಿಂತವರು ಫೋನ್ ಮಾಡಿದರೆ ಗಾಡಿಗೆ ಏನಾಗಿದೆ ಎಂದು ಮೊದಲು ಕೇಳುವುದಿಲ್ಲ, ಗಾಡಿಯಲ್ಲಿ ಯಾರಿದ್ದಾರೆ ಎಂದು ಕೇಳುತ್ತೇನೆ. ರೋಗಿ ಇದ್ದರೆ ಇಳಿಸಿ, ಸಿಕ್ಕಿದ ಬಸ್ಸಿಗೋ ಆಟೋಗೋ ಹತ್ತಿಸಿ, ಆಮೇಲೆ ಫೋನ್ ಮಾಡಿ ಎನ್ನುತ್ತೇನೆ. ಅಲ್ಲಿಯವರೆಗೆ ಸ್ಪ್ಯಾನರ್ ಮುಟ್ಟುವುದಿಲ್ಲ. ಇವನೆಂಥ ಮೆಕ್ಯಾನಿಕ್ಕು ಎಂದು ಕೆಲವರು ಬೈದು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಹುಡುಕಿಕೊಳ್ಳಲಿ.